ಏಳನೆಯ ಹೆಸರು

ಎಂಟು ವರ್ಷದ ಸಗಲ್ ಮಾಡಿದ ಕಳ್ಳಾಟದ ಫಲವನ್ನು ಇಪ್ಪತ್ತೊಂದರ ಸಗಲ್ ಇನ್ನೂ ಅನುಭವಿಸುತ್ತಿದ್ದಾಳೆ.

ಮೆಲ್ಬರ್ನಿನ ಈ ಸರ್ಕಾರಿ ಕಟ್ಟಡದ ಹದಿನಾಲ್ಕನೆಯ ಮಹಡಿಯಲ್ಲಿ ಅವರದು ನನ್ನ ಎದುರು ಮನೆ. ಗಂಡಸರನ್ನೆಲ್ಲ ಮೊಗದಿಶುವಿನ ಮಣ್ಣಿಗೆ ಕೊಟ್ಟು ಬಂದ ಅಜ್ಜಿ, ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದ ಮೊಮ್ಮಗಳು, ಇಬ್ಬರೇ. ಆಗ ಶಾಲೆಯಲ್ಲಿ ಅವಳು ಸ್ಯಾಲಿ. ಮನೆಯಲ್ಲಿ ಮಾತ್ರ ದಿನಾ ಸಂಜೆ ಅಪ್ಪ, ತಾತ, ಮುತ್ತಾತ ಎಂದು ಇಪ್ಪತ್ತು ತಲೆಮಾರಿನ ಹೆಸರು ಒಪ್ಪಿಸಬೇಕಿತ್ತು. ನಮ್ಮ ಸೊಮಾಲಿಗಳಿಗೆ ಅಕ್ಷರಕ್ಕಿಂತ ಮೊದಲು ಅದು. ಏಳನೆಯ ಹೆಸರಿನಲ್ಲಿ ಅವಳ ನಾಲಿಗೆ ತೊಡರುತ್ತಿತ್ತು, ತೊಡರಿದರೆ ಮತ್ತೆ ಮೊದಲಿನಿಂದ. ಕೆಳಗೆ ಬಾಸ್ಕೆಟ್‌ಬಾಲ್ ಶುರುವಾಗಿರುತ್ತಿತ್ತು. ಹುಡುಗಿ ಏಳನೆಯವನನ್ನು ನುಂಗಿ ಎಂಟಕ್ಕೆ ಹಾರತೊಡಗಿದಳು. ಒಲೆಯ ಮುಂದಿದ್ದ ಅಜ್ಜಿಗೆ ಗೊತ್ತಾಗಲಿಲ್ಲ. ಎಣಿಕೆ ಒಂದು ಕಮ್ಮಿ ಎಂದು ನನಗೆ ಗೊತ್ತಾಗಿತ್ತು, ನಕ್ಕು ಸುಮ್ಮನಿದ್ದೆ. ಅದಕ್ಕೆ ನನ್ನನ್ನೇ ಬೈದುಕೊಳ್ಳುತ್ತೇನೆ.

ಕಳೆದ ವರ್ಷ ಅಜ್ಜಿಗೆ ಮರೆವು ಶುರುವಾಯಿತು. ಲಿಫ್ಟಿನ ಕಾಟವೂ ಆಗಲೇ. ಸಂಜೆಯ ನಮಾಜಿನ ಹೊತ್ತಿಗೆ ನಮ್ಮ ಮಹಡಿಗೆ ಬಂದು ಬಾಗಿಲು ತೆರೆಯುತ್ತಿತ್ತು. ಒಳಗೆ ಯಾರೂ ಇರುತ್ತಿರಲಿಲ್ಲ. ರಿಪೇರಿಯವರು ಎರಡು ಸಲ ಬಂದು, ಏನೂ ಕೆಟ್ಟಿಲ್ಲ ಎಂದು ಹೋದರು.

“ಒಬ್ಬ ಹೊರಗೇ ನಿಂತಿದಾನಲ್ಲೇ,” ಅಜ್ಜಿ ಬೆರಳೆಣಿಸುತ್ತ ಸಗಲ್‌ಗೆ ಅಂದರು. “ಆರು ಜನ ಬಂದ್ರು. ಆಮೇಲಿನವನು ಎಲ್ಲಿ? ಅವನನ್ನ ಕರಿ. ಅಲ್ಲೀತನಕ ನಂಗೆ ಊಟ ಬೇಡ.”

“ಹೆಸರು ನೀನೇ ಹೇಳಜ್ಜಿ.”

“ನಾನು ಮರೀತೀನಿ ಅಂತಾನೇ ನಿಂಗೆ ಕಲಿಸಿದ್ದು.”

ನಾಲ್ಕು ದಿನ ಅಜ್ಜಿ ಚಹಾ ಬಿಟ್ಟು ಏನೂ ಮುಟ್ಟಲಿಲ್ಲ. ಐದನೆಯ ಸಂಜೆ ಸಗಲ್ ಎಲ್ಲ ಹೆಸರು ಹೇಳಿದಳು. ನುಂಗಿ ನುಂಗಿ ಮರೆತೇಹೋಗಿದ್ದ ಏಳನೆಯ ಜಾಗಕ್ಕೆ ಕೆಳಗಿನ ಮಾಂಸದಂಗಡಿಯ ಗೂಲೆದ್‌ನ ಹೆಸರು ತೂರಿಸಿದಳು. ಅಜ್ಜಿ ಬಾಗಿಲ ಕಡೆ ನೋಡಿ, “ಬಾಪ್ಪಾ, ಕೂತ್ಕೋ,” ಎಂದು ಬಾಳೆಹಣ್ಣು ಕಲಸಿಕೊಂಡು ಅನ್ನ ಉಂಡರು. ಲಿಫ್ಟ್ ಬರುವುದು ನಿಂತಿತು.

“ಗೂಲೆದ್‌ಗೆ ಹೇಳ್ಬೇಡಿ ಚಿಕ್ಕಮ್ಮ,” ಸಗಲ್ ನನ್ನ ಕಡೆ ತಿರುಗಿ ಕಣ್ಣೊರೆಸಿಕೊಂಡು ನಕ್ಕಳು. “ಮುತ್ತಾತ ಆದಮೇಲೂ ನಂಗೆ ಎಲುಬೇ ತೂಗ್ತಾನೆ.”

ಮೂರು ವಾರಕ್ಕೆ ಅಜ್ಜಿ ತೀರಿಕೊಂಡರು. ದಫನ್ ಆದ ಸಂಜೆಯೇ ಲಿಫ್ಟ್ ಬಂದು ನಿಂತಿತು. ಬಾಗಿಲು ತೆರೆಯಿತು, ಮುಚ್ಚಲಿಲ್ಲ. ಒಳಗಿಂದ ಒಂಟೆಹಾಲಿನ ಹುಳಿ ವಾಸನೆ. ಸಗಲ್ ಮುಂದೆ ಹೋಗಿ, ಅಪ್ಪನಿಂದ ಶುರುಮಾಡಿ ಆರು ಹೆಸರು ಹೇಳಿ ನಿಂತಳು.

“ಅವತ್ತು ಸುಳ್ಳು ಹೇಳ್ದೆ ತಾತಾ,” ಅಂದಳು. “ನಿನ್ನ ಹೆಸರು ಗೊತ್ತಿದ್ದೋರು ಇನ್ನು ಯಾರೂ ಇಲ್ಲ.”

ಈಗವಳು ವೃದ್ಧಾಶ್ರಮದ ಕೆಲಸ ಮುಗಿಸಿ ಹದಿನಾಲ್ಕು ಮಹಡಿಯನ್ನೂ ಮೆಟ್ಟಿಲು ಹತ್ತಿಯೇ ಬರುತ್ತಾಳೆ. ಲಿಫ್ಟ್ ಅವಳಿಗಿಂತ ಮೊದಲೇ ಬಂದು, ಬಾಗಿಲು ತೆರೆದುಕೊಂಡು ನಿಂತಿರುತ್ತದೆ.