ಹಲ್ಲಿನ ಡಾಕ್ಟರ ನೆಲದಲ್ಲಿ ಹುಳ

ಆ ಬೀದಿಯಲ್ಲಿ ಎಲ್ಲರಿಗೂ ಅವಳು ಪಾಲಿಶಕ್ಕ. ಮನೆಗಳಿಗೆ ಹಾಸಿದ ನೆಲಗಲ್ಲನ್ನು ಯಂತ್ರ ಹಿಡಿದು ಉಜ್ಜಿ, ಮುಖ ಕಾಣುವ ಹಾಗೆ ಹೊಳಪು ಬರಿಸುವುದು ಅವಳ ಕಸುಬು. ಮೊದಲು ಅದು ಅವಳಪ್ಪನದಾಗಿತ್ತು. ಅಪ್ಪನ ಸೊಂಟ ಕೈಕೊಟ್ಟು, ಇನ್ನು ನನ್ನಿಂದಾಗದು ಎಂದು ಅವನು ಕುರ್ಚಿ ಹಿಡಿದ ಮೇಲೆ ಯಂತ್ರ ಮಗಳ ಪಾಲಿಗೆ ಬಂತು. ಮೊದಮೊದಲು ಅವಳು ಯಂತ್ರವನ್ನು ಓಡಿಸಿದ್ದಕ್ಕಿಂತ ಯಂತ್ರವೇ ಅವಳನ್ನು ಓಡಿಸಿದ್ದು ಹೆಚ್ಚು. ಒಮ್ಮೆ ಯಾರದೋ ಅಡುಗೆಮನೆಯಿಂದ ನಡುಮನೆಯವರೆಗೂ ದರದರ ಎಳೆದುಕೊಂಡು ಹೋಗಿ ಗೋಡೆಗೆ ಅಂಟಿಸಿಬಿಟ್ಟಿತ್ತು. ಅವಳೂ ಸುಮ್ಮನೆ ಬಿಡುವ ಪೈಕಿಯಲ್ಲ. ಹಟ ಹಿಡಿದು ಕಲಿತಳು. ಈಗ ಅವಳ ಕೈ ಬಿದ್ದರೆ ಸಾಕು, ಯಂತ್ರ ಸಾಕಿದ ಹಸುವಿನ ಹಾಗೆ ತಿರುಗಿಸಿದ ಕಡೆ ತಿರುಗುತ್ತಿತ್ತು.

ಅವಳ ಗಂಡ ಟೆಂಪೋ ಓಡಿಸುತ್ತಿದ್ದ. ಯಂತ್ರ ಹೊತ್ತೊಯ್ಯುವುದು, ತರುವುದು ಅವನ ಕೆಲಸ. ಮಾತು ಮಾತ್ರ ಕಡಿಮೆ. ಆ ಕೊರತೆಯನ್ನೆಲ್ಲ ಅಪ್ಪ ತುಂಬುತ್ತಿದ್ದ. ಮನೆ ಹಿಂದಿನ ಶೆಡ್ಡಿನ ಬಾಗಿಲಲ್ಲಿ ಕೂತು ಮಗಳಿಗೂ ಅಳಿಯನಿಗೂ ಬುದ್ಧಿ ಹೇಳುವುದೇ ಅವನ ದಿನಚರಿ.

"ಕಲ್ಲು ಅಂದ್ರೆ ಕರಿಕಲ್ಲು ಕಣೇ. ಈ ಬೂದುಬಣ್ಣದ ಸುಣ್ಣಕಲ್ಲೂ ಒಂದು ಕಲ್ಲಾ?"

"ಸುಮ್ನಿರಪ್ಪಾ. ಗಿರಾಕಿ ಹಾಕಿಸಿದ್ದನ್ನ ಉಜ್ಜೋದಷ್ಟೇ ನನ್ನ ಕೆಲಸ."

ಹೀಗಿರುವಾಗ ಪೇಟೆಯ ಹಲ್ಲಿನ ಡಾಕ್ಟರು ತಮ್ಮ ಹೊಸ ಕ್ಲಿನಿಕ್ಕಿನ ನೆಲಕ್ಕೆ ಪಾಲಿಶ್ ಮಾಡಿಸಲು ಅವಳನ್ನು ಕರೆದರು. ಡಾಕ್ಟರಿಗೆ ಶುಚಿಯ ಹುಚ್ಚು. ಬಾಗಿಲ ಹಿಡಿ ಮುಟ್ಟಿದರೂ ಕೈತೊಳೆಯುವ ಮನುಷ್ಯ. "ಒಂದೇ ಒಂದು ಕಲೆ ಕಾಣಬಾರದಮ್ಮಾ," ಎಂದು ಮೊದಲೇ ಹೇಳಿದ್ದರು.

ಯಂತ್ರಕ್ಕೆ ಒರಟು ಉಜ್ಜುಗಲ್ಲು ಹಾಕಿ ಉಜ್ಜುವಾಗ ಏನೂ ಕಾಣಲಿಲ್ಲ. ನಯವಾದ ಉಜ್ಜುಗಲ್ಲು ಹಾಕಿ, ನೀರು ಬಿಟ್ಟು, ಕೊನೆಯ ಸುತ್ತು ತಿರುಗಿಸುವಾಗ ರೋಗಿಗಳ ಬೆಂಚಿನ ಮುಂದೆ ಬೆಳ್ಳಗೆ ಒಂದು ಸುರುಳಿ ಎದ್ದಿತು. ಕಲೆ ಎಂದುಕೊಂಡು ಇನ್ನಷ್ಟು ಉಜ್ಜಿದಳು. ಸುರುಳಿ ಮಾಸುವ ಬದಲು ಇನ್ನೂ ನಿಚ್ಚಳವಾಯಿತು. ಪಕ್ಕದ ಕಲ್ಲಲ್ಲಿ ಮತ್ತೊಂದು ಕಣ್ಣುಬಿಟ್ಟಿತು. ಅಷ್ಟರಲ್ಲಿ ಡಾಕ್ಟರು ಬಂದರು.

"ಏನಮ್ಮಾ ಇದು?"

"ಕಲ್ಲೊಳಗೇ ಇದೆ ಡಾಕ್ಟ್ರೇ. ಉಜ್ಜಿದಷ್ಟೂ ಎದ್ದು ಬರ್ತಿದೆ."

ಡಾಕ್ಟರು ಬಗ್ಗಿ ನೋಡಿ ಹೌಹಾರಿದರು. "ಹುಳ! ಹುಳುಕು ಹಲ್ಲು ತೋರಿಸೋಕೆ ಬಂದೋರು ನೆಲದಲ್ಲೂ ಹುಳ ನೋಡಿದ್ರೆ ನನ್ನ ಬಗ್ಗೆ ಏನಂದ್ಕೋತಾರಮ್ಮಾ?"

ಪಾಲಿಶಕ್ಕನಿಗೆ ನಗು ಉಕ್ಕಿ ಬಂತು. ಆದರೆ ಡಾಕ್ಟರ ಮುಖ ನೋಡಿ ಅದನ್ನು ಅಲ್ಲೇ ನುಂಗಿಕೊಂಡಳು. ಆ ಕಲ್ಲುಗಳನ್ನೆಲ್ಲ ಕಿತ್ತು ಬೇರೆ ಹಾಕಿಸಬೇಕು, ಅಲ್ಲಿಯವರೆಗೆ ಮೇಲೊಂದು ಚಾಪೆ ಹಾಸಿರಬೇಕು ಎಂದು ತೀರ್ಮಾನವಾಯಿತು. ತನ್ನ ತಪ್ಪಲ್ಲದಿದ್ದರೂ ಮಾಡಿದ ಕೆಲಸ ಚಾಪೆಯಡಿ ಹೋಯಿತಲ್ಲ ಎಂದು ಅವಳ ಮನಸ್ಸು ಮುದುಡಿತು. ಮನೆಗೆ ಬಂದರೆ ಅಪ್ಪನದು ಬೇರೆ ರಾಗ: "ಹೇಳಿದ್ನೋ ಇಲ್ವೋ, ಕರಿಕಲ್ಲು ಅಂತ!"

ಮುಂದಿನ ವಾರ, ಕೀಳಬೇಕಾದ ಕಲ್ಲುಗಳಿಗೆ ಗುರುತು ಹಾಕಲು ಅವಳು ಕ್ಲಿನಿಕ್ಕಿಗೆ ಹೋದಳು. ಬೆಂಚಿನ ಮೇಲೆ ಒಬ್ಬ ಹೆಂಗಸು ಊದಿದ ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಹಣೆ ಹಿಡಿದು ಕೂತಿದ್ದರು. ಪಾಲಿಶಕ್ಕ ಚಾಪೆ ಸರಿಸಿದ್ದೇ ತಡ, ಆ ಹೆಂಗಸಿನ ಕಣ್ಣು ನೆಲದ ಮೇಲೆ ನೆಟ್ಟಿತು. ನೋಡನೋಡುತ್ತ ಬೆಂಚಿನಿಂದ ಜಾರಿ ಮೊಣಕಾಲೂರಿದರು. ಕೈಚೀಲದಿಂದ ಪುಟ್ಟ ಭೂತಗನ್ನಡಿ ತೆಗೆದರು. ಆಮೇಲೆ ಬೋರಲಾಗಿ ಮಲಗಿಯೇಬಿಟ್ಟರು. ನರ್ಸು ಕರೆದರೂ ಅವರಿಗೆ ಕೇಳಿಸಲಿಲ್ಲ. ಡಾಕ್ಟರೇ ಹೊರಗೆ ಬಂದು ಗಾಬರಿಯಾದರು.

"ಅಯ್ಯೋ, ತಲೆ ಸುತ್ತಿತಾ? ಯಾರಾದ್ರೂ ನೀರು ತನ್ನಿ!"

"ಸುತ್ತಿರೋದು ನನ್ನ ತಲೆಯಲ್ಲ ಡಾಕ್ಟ್ರೇ, ಇದು," ಎಂದು ಆಕೆ ಸುರುಳಿಯ ಮೇಲೆ ಬೆರಳಿಟ್ಟರು. ಕೆನ್ನೆ ಊದಿದ್ದರಿಂದ ಮಾತು ಜಜ್ಜಿಕೊಂಡು ಬರುತ್ತಿತ್ತು. ಆಕೆ ಕಾಲೇಜಿನಲ್ಲಿ ಭೂವಿಜ್ಞಾನ ಹೇಳಿಕೊಡುವ ಮೇಡಂ. "ಪಳೆಯುಳಿಕೆ! ಸಮುದ್ರದ ಹುಳದ ಚಿಪ್ಪು. ನಿಮ್ಮ ಈ ನೆಲ ಇದೆಯಲ್ಲ, ಒಂದು ಕಾಲಕ್ಕೆ ಸಮುದ್ರದ ತಳದ ಕೆಸರು. ಹುಳ ಸತ್ತು ತಳಕ್ಕೆ ಬಿತ್ತು. ಮೇಲೆ ಸುಣ್ಣದ ಕೆಸರು ಕೂತ್ಕೊಳ್ತು. ಅದರ ಮೇಲೆ ಮತ್ತೊಂದು ಪದರ, ಮತ್ತೊಂದು. ಭಾರಕ್ಕೆ ಅದುಮಿ ಅದುಮಿ ಕೋಟ್ಯಂತರ ವರ್ಷದಲ್ಲಿ ಕೆಸರೇ ಕಲ್ಲಾಯ್ತು."

"ಹಾಗಾದ್ರೆ ಇದು ಕೊಳಕಲ್ವಾ?" ಡಾಕ್ಟರ ದನಿ ಇಳಿದಿತ್ತು.

"ಕೊಳಕಾ! ನಿಮ್ಮ ಕ್ಲಿನಿಕ್ಕಿಗೆ ಬಂದಿರೋರಲ್ಲೆಲ್ಲ ಇವರೇ ಹಿರಿಯರು."

ಬೆಂಚಿನ ಮೇಲಿದ್ದವರೆಲ್ಲ ಎದ್ದು ಬಂದು ಬಗ್ಗಿದರು. ಹಲ್ಲು ಕೀಳಿಸಲು ಬಂದು ಅಮ್ಮನ ಸೆರಗು ಹಿಡಿದು ಅಳುತ್ತಿದ್ದ ಪುಟ್ಟ ಹುಡುಗಿ ಅಳು ಮರೆತು, "ಇಲ್ಲೊಂದಿದೆ! ಇಲ್ಲೂ ಇದೆ!" ಎಂದು ಅಂಬೆಗಾಲಿಡತೊಡಗಿದಳು. ಡಾಕ್ಟರು ಅದನ್ನು ನೋಡಿದರು, ಕೈಕಟ್ಟಿ ನಿಂತಿದ್ದ ಪಾಲಿಶಕ್ಕನನ್ನೂ ನೋಡಿದರು. "ಕಲ್ಲು ಕೀಳೋದು ಬೇಡಮ್ಮಾ. ಚಾಪೇನ ಮನೆಗೆ ಒಯ್ತೀನಿ," ಎಂದವರು ಮೇಡಂ ಕಡೆ ತಿರುಗಿದರು. "ನೀವು ಒಳಗೆ ಬನ್ನಿ. ಮೊದಲು ಬಾಯಿ ತೆಗೀರಿ, ಆಮೇಲೆ ಸಮುದ್ರ."

ಕೆನ್ನೆ ಇಳಿದ ಮೇಲೆ ಮೇಡಂ ಪಾಲಿಶಕ್ಕನ ವಿಳಾಸ ಹುಡುಕಿಕೊಂಡು ಶೆಡ್ಡಿಗೇ ಬಂದರು. ಅಡುಗೆಕಟ್ಟೆ, ಹೊಸ್ತಿಲುಗಳ ಕಲ್ಲನ್ನೆಲ್ಲ ಅಲ್ಲೇ ಉಜ್ಜುವುದು. ತೊಳೆದ ನೀರು ಕಾಲುವೆಯಲ್ಲಿ ಹರಿದು ಹಿಂದಿನ ಗುಂಡಿಗೆ ಬೀಳುತ್ತಿತ್ತು. ಆವತ್ತು ಅವಳು ಸೀರೆ ಎತ್ತಿಕಟ್ಟಿ ಆ ಗುಂಡಿಯ ಕೆಸರು ತೋಡುತ್ತಿದ್ದಳು.

"ಒಳಗೆ ಕೂತ್ಕೊಳ್ಳಿ ಮೇಡಂ, ಇಲ್ಲೆಲ್ಲ ರಾಡಿ."

"ನಿಲ್ಲಿ, ನಿಲ್ಲಿ! ಗುದ್ದಲಿ ಹಾಕ್ಬೇಡಿ!" ಮೇಡಂ ಗುಂಡಿಯ ಅಂಚಿನಲ್ಲೇ ಕೂತುಬಿಟ್ಟರು. ತೋಡಿದ ಕಡೆ ಕೆಸರು ಪಟ್ಟೆಪಟ್ಟೆಯಾಗಿ ಕಾಣುತ್ತಿತ್ತು: ಕೆಳಗೆ ಕಪ್ಪು, ಅದರ ಮೇಲೆ ಬೂದು, ಮೇಲೆ ಕೆಂಪು. "ಯಾವ ಬಣ್ಣದ ಕಲ್ಲು ಮೊದಲು ಉಜ್ಜಿದ್ರಿ ಅಂತ ನೀವು ಹೇಳೋದೇ ಬೇಡ, ಗುಂಡಿಯೇ ಹೇಳ್ತಿದೆ. ಮಳೆ, ಗಾಳಿ, ಹೊಳೆ ಮಾಡೋದೂ ಇದನ್ನೇ. ಬೆಟ್ಟಾನ ಸವೆಸಿ, ಹೊತ್ಕೊಂಡು ಹೋಗಿ, ನೀರು ನಿಧಾನ ಆದ ಕಡೆ ಇಳಿಸುತ್ತೆ."

"ಅದಕ್ಕೇನಾ ಮೇಡಂ, ಕಾಲುವೆ ಬಾಯಲ್ಲಿ ಮರಳು ಕೂರೋದು, ಹಿಟ್ಟಿನಂಥದ್ದು ಆ ತುದಿಗೆ ಹೋಗೋದು?"

"ಅದಕ್ಕೇ. ಭಾರದ್ದು ಬೇಗ ಕೂರುತ್ತೆ, ಹಗುರದ್ದು ದೂರ ಹೋಗುತ್ತೆ."

ಅಪ್ಪನಿಗೆ ತಡೆಯಲಾಗಲಿಲ್ಲ. "ನಮ್ಮ ಕರಿಕಲ್ಲಲ್ಲಿ ಹುಳ ಸಿಗುತ್ತಾ ಮೇಡಂ?"

"ಇಲ್ಲ ಯಜಮಾನ್ರೇ. ಅದು ಭೂಮಿ ಒಳಗೆ ಕರಗಿ ಕುದ್ದದ್ದು ತಣ್ಣಗಾಗಿ ಆದ ಕಲ್ಲು. ಆ ಬಿಸೀಲಿ ಯಾವ ಹುಳ ಬದುಕೀತು?"

ಅಪ್ಪನ ಮುಖ ಬಾಡಿತು. ಆದರೆ ಮರುಗಳಿಗೆಯೇ ಮೀಸೆ ತಿರುವಿದ. "ಕೇಳಿಸ್ಕೊಂಡ್ಯೇನೇ? ಕರಿಕಲ್ಲು ಬೆಂಕೀಲಿ ಹುಟ್ಟಿದ್ದಂತೆ!"

ಅಂಗಳದಲ್ಲಿ ಟೆಂಪೋ ಗುರುಗುಡುತ್ತ ನಿಂತಿತ್ತು. ಮೇಡಂ ಅದನ್ನೂ ಬಿಡಲಿಲ್ಲ. "ಅದರ ಹೊಟ್ಟೇಲಿರೋ ಡೀಸೆಲ್ಲೂ ಹಳೇ ಸಮುದ್ರದ ಆಸ್ತೀನೇ. ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಗಳು ಕೆಸರಲ್ಲಿ ಹೂತು, ಶಾಖ, ಒತ್ತಡಕ್ಕೆ ಸಿಕ್ಕಿ ಎಣ್ಣೆಯಾದವು. ಮುಗಿದ್ರೆ ಮತ್ತೆ ಆಗೋಕೆ ಅಷ್ಟೇ ಯುಗ ಕಾಯ್ಬೇಕು." ಟೆಂಪೋ ಪಕ್ಕ ನಿಂತಿದ್ದ ಗಂಡ ಕೈಚಾಚಿ, ಸುಮ್ಮನೆ ಉರಿಯುತ್ತಿದ್ದ ಎಂಜಿನ್ನನ್ನು ಆರಿಸಿದ.

ಮುಂದೆ ಕಾಲೇಜಿನ ಮಕ್ಕಳನ್ನು ಸುಣ್ಣಕಲ್ಲಿನ ಕ್ವಾರಿಗೆ ಕರೆದೊಯ್ಯುವಾಗ ಮೇಡಂ ಅವಳನ್ನೂ ಬಸ್ಸಿಗೆ ಹತ್ತಿಸಿಕೊಂಡರು. ಅಷ್ಟು ವರ್ಷ ಕಲ್ಲು ಉಜ್ಜಿದರೂ ಕಲ್ಲು ಬರುವ ಜಾಗ ಅವಳು ಕಂಡವಳಲ್ಲ. ಕ್ವಾರಿಯ ಗೋಡೆ ಮಹಡಿಮನೆಗಿಂತ ಎತ್ತರ. ಮಡಿಸಿಟ್ಟ ಬಟ್ಟೆಯ ಹಾಗೆ ಪದರದ ಮೇಲೆ ಪದರ. ಅವಳು ಹತ್ತಿರ ಹೋಗಿ ಅಂಗೈ ಒತ್ತಿ ನಿಂತಳು. ಇಷ್ಟೂ ನೀರೊಳಗಿತ್ತಲ್ಲ ಎಂದುಕೊಂಡಾಗ ಮೈ ಜುಮ್ಮೆಂದಿತು. ಒಂದು ತುಂಡಿನಲ್ಲಿ ಚಿಪ್ಪಿನ ಅಂಚು ಮಸುಕಾಗಿ ಕಂಡಿತು. ನೀರು ಚಿಮುಕಿಸಿ, ಸಣ್ಣ ಉಜ್ಜುಗಲ್ಲಿನಿಂದ ನಾಲ್ಕು ಸಲ ತೀಡಿದಳು. ಸುರುಳಿ ಪೂರ್ತಿ ಎದ್ದು ಬಂದಾಗ ಸುತ್ತ ನಿಂತ ಮಕ್ಕಳು "ಹೋ!" ಎಂದು ಕೂಗಿದರು. ಆಮೇಲೆ ಎಲ್ಲರೂ ತಮ್ಮ ತಮ್ಮ ಕಲ್ಲು ಹಿಡಿದು ಅವಳನ್ನೇ ಮುತ್ತಿದರು. ಅವಳ ಕೈಗೆ ಆವತ್ತು ಬಿಡುವೇ ಇಲ್ಲ, ಮುಖದಲ್ಲಿ ನಗುವಿಗೂ ಬಿಡುವಿಲ್ಲ.

ಸಂಜೆ ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ಕಾಯುತ್ತಿದ್ದ.

"ಏನು ನೋಡ್ಕೊಂಡು ಬಂದ್ಯೇ?"

"ಸಮುದ್ರ ನೋಡ್ಕೊಂಡು ಬಂದೆ ಅಪ್ಪಾ."

ಅಪ್ಪ ಅವಳ ಧೂಳು ಮೆತ್ತಿದ ಕಾಲು ನೋಡಿದ, ಒಂದಿಷ್ಟೂ ನೆನೆಯದ ಸೀರೆ ಅಂಚು ನೋಡಿದ. "ಮುಂದಿನ ಸಲ ಬಸ್ಸಲ್ಲಿ ನಂಗೂ ಮುಂದಿನ ಸೀಟು ಸಿಗುತ್ತಾ ಅಂತ ಮೇಡಂನ ಕೇಳೇ," ಎಂದ.