ಅಕ್ಕನ ಎಡಗೈ

ನರ ಸಣ್ಣದಿರಬಹುದು, ಹೊಲಿಗೆ ಹಾಕಿದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಬೆರಳು ತಣ್ಣಗಾಗಬಹುದು, ಅಷ್ಟರಲ್ಲಿ ಕತ್ತಿನ ನಳಿಗೆಗೆ ಸೋಂಕು ತಗುಲಬಹುದು. ಅಕ್ಕನಿಗೆ ಡಯಾಲಿಸಿಸ್ ಶುರುವಾದಾಗಿನಿಂದ ನಾನು ಇವನ್ನೇ ಜಪ ಮಾಡುತ್ತಿದ್ದೆ.

ರಕ್ತ ಯಂತ್ರಕ್ಕೆ ಹೋಗಿ ಬರಲು ವೈದ್ಯರು ಮೂರು ದಾರಿ ಹೇಳಿದ್ದರು. ಕತ್ತಿಗೆ ಹಾಕಿರುವ ನಳಿಗೆ ಕೂಡಲೇ ಕೆಲಸಕ್ಕೆ ಬರುತ್ತದೆ, ಆದರೆ ಸೋಂಕಿನ ಭಯ ಹೆಚ್ಚು. ತೋಳಿನೊಳಗೆ ಕೃತಕ ಕೊಳವೆ ಕೂರಿಸಿದರೆ ಬೇಗ ಸಿದ್ಧವಾಗುತ್ತದೆ, ಕಟ್ಟಿಕೊಳ್ಳುವುದೂ ಬೇಗ. ಕೈಯ ರಕ್ತನಾಳಗಳನ್ನೇ ಜೋಡಿಸುವ ಫಿಸ್ಟುಲಾ ಬಲಿಯಲು ವಾರಗಟ್ಟಲೆ ಬೇಕು, ಬಲಿತರೆ ಬಹುಕಾಲ ಬಾಳುತ್ತದೆ. ನನಗೆ ಮೂರೂ ಭಯವೇ.

ತಿ. ನರಸೀಪುರದ ಬಳಿ ಗದ್ದೆ ಮಾಡುವ ಅಕ್ಕ ತಡಮಾಡಲಿಲ್ಲ. "ನಮ್ದೇ ಕಾಲ್ವೆ ಇರುವಾಗ ಪೈಪ್ ಯಾಕ್ಲಾ? ಕಾಯ್ತೀನಿ."

ಕಾದಳು. ಆಪರೇಷನ್ ಆದ ಎಡಗೈಗೆ ಭಾರವೂ ಇಲ್ಲ, ಬಳೆಯೂ ಇಲ್ಲ. ಮುತ್ತೈದೆಯ ಕೈ ಬರಿದಾಗಬಾರದೆಂದು ನೆರೆಯವರು ಗೊಣಗಿದಾಗ ಎರಡೂ ಕೈಯ ಬಳೆಗಳನ್ನು ಬಲಗೈಗೇ ಏರಿಸಿಕೊಂಡಳು. "ಈಗ ಲೆಕ್ಕ ಸರಿ ಓಯ್ತಲ್ಲ?"

ಎಡಗೈಗೆ ಮೊದಲ ಸೂಜಿ ಹಾಕುವ ದಿನ, ನಂಜನಗೂಡಿನ ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಆ ಕೈಗೆ ಯಾರೂ ತಾಗದಂತೆ ನಾನು ಅಡ್ಡ ನಿಂತಿದ್ದೆ. ಬ್ರೇಕ್ ಬಿದ್ದಾಗ ಮುಗ್ಗರಿಸಿದವನು ನಾನೇ. ಅಕ್ಕ ಬಲಗೈಯಿಂದ ನನ್ನನ್ನು ಹಿಡಿದಳು.

ಡಯಾಲಿಸಿಸ್ ಮಂಚದ ಮೇಲೆ ಮಲಗಿ ನರ್ಸಿಗೆ ಹೇಳಿದಳು, "ಮೊದ್ಲು ಇವನನ್ನ ನೋಡವ್ವ. ಆಪರೇಷನ್ ನಂಗಾದ್ರೂ ನೋವೆಲ್ಲ ಇವನ್ದೇ."

ಆಮೇಲೆ ಎಡಗೈ ಚಾಚಿದಳು. ಸೂಜಿ ಸಲೀಸಾಗಿ ಇಳಿಯಿತು, ಯಂತ್ರ ತಿರುಗಿತು, ಅಕ್ಕ ಕಣ್ಣು ಮುಚ್ಚಿದಳು. ನಾನು ಹೆದರಿದ್ದರಲ್ಲಿ ಒಂದೂ ಆಗಲಿಲ್ಲ. ಆದದ್ದಿಷ್ಟೇ: ಬಸ್ಸಿನಲ್ಲಿ ಅವಳದೊಂದು ಬಳೆ ಒಡೆದು ನನ್ನ ಮಣಿಕಟ್ಟು ಗೀರಿತ್ತು.