ಅಕ್ಕ ಮುಚ್ಚಿಸಿದ ಬಿಸಿನೀರು

ಅಕ್ಕನ ಬಲ ಮೊಣಕೈ ಯಾವಾಗಲೂ ಕೆಂಪಗಿರುತ್ತಿತ್ತು. ದಿನಾ ಬೆಳಿಗ್ಗೆ ಗಂಡನ ಸ್ನಾನದ ಬಕೆಟ್ಟಿಗೆ ಅದನ್ನೇ ಅದ್ದಿ ಬಿಸಿ ನೋಡುತ್ತಿದ್ದರು. ಅಡುಗೆ ಮಾಡುವವರ ಬೆರಳು ಮರಗಟ್ಟಿರುತ್ತದೆ, ಮೊಣಕೈ ಸುಳ್ಳು ಹೇಳುವುದಿಲ್ಲ ಎನ್ನುವುದು ಅವರ ವಾದ.

ಮಲೇಷ್ಯಾದ ನಿಲಾಯ್‌ನಲ್ಲಿ ಅವರದೂ ನಮ್ಮದೂ ಒಂದೇ ಗೋಡೆ ಹಂಚಿಕೊಂಡ ಮನೆಗಳು. ಅವರು ಉಡುಪಿ ಕಡೆಯವರು, ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವ ಡಾಕ್ಟರು. ನಾನು ಧಾರವಾಡದವಳು, ಬಾಯಿ ಸ್ವಲ್ಪ ಜೋರು. ನಾವು ಬಂದ ಹೊಸದರಲ್ಲೇ ನಮ್ಮ ಒಗ್ಗರಣೆಯ ಘಾಟಿಗೆ ಸೀನುತ್ತಾ, "ಎಂತ ಮಾರಾಯ್ತಿ, ಮೆಣಸಿನ ಮಿಲ್ಲು ಇಟ್ಟಿದ್ದೀಯಾ?" ಎಂದು ಗೋಡೆಯಾಚೆಯಿಂದ ಕೇಳಿದ್ದರು. ಅವತ್ತಿನಿಂದ ಅವರು ನನಗೆ ಅಕ್ಕ.

ಅಕ್ಕನ ಯಜಮಾನರಿಗೆ ಬಿಸಿನೀರಿನ ಹುಚ್ಚು. ಈ ಸೆಕೆಯ ಊರಿನಲ್ಲಿ ಬೇರೆಯವರು ತಣ್ಣೀರು ಹೊಯ್ದುಕೊಂಡು ಉಸ್ಸೆನ್ನುವಾಗ, ಈ ಮನುಷ್ಯನಿಗೆ ಮೈಯಿಂದ ಹೊಗೆ ಏಳದಿದ್ದರೆ ಅದು ಸ್ನಾನವೇ ಅಲ್ಲ. ಅದಕ್ಕೆಂದೇ ಚಾವಣಿಯ ಮೇಲೆ ಸೋಲಾರ್ ಟ್ಯಾಂಕು ಕೂರಿಸಿ, ಬಚ್ಚಲಿಗೆ ಬಿಸಿನೀರಿನ ಪೈಪು ಇಳಿಸಿದ್ದರು. ಆಮೇಲೆ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಹೇಗೋ ಎದ್ದು ಓಡಾಡುವಂತಾದರು, ಆದರೆ ಬಲಭಾಗದ ಚರ್ಮಕ್ಕೆ ಬಿಸಿ ತಂಪು ತಿಳಿಯದಾಯಿತು. ನೆನಪೂ ಕೈಕೊಟ್ಟಿತು.

ಒಂದು ಮಧ್ಯಾಹ್ನ ಅಕ್ಕ ಕಾಲೇಜಿನಿಂದ ಬರುವಷ್ಟರಲ್ಲಿ ಅವರು ತಾವೇ ಬಿಸಿನೀರಿನ ನಲ್ಲಿ ತಿರುಗಿಸಿ ಕೆಳಗೆ ನಿಂತಿದ್ದರು. ಬಲ ತೊಡೆಯ ಚರ್ಮ ಗುಳ್ಳೆಯೆದ್ದು ಜೋಲುತ್ತಿತ್ತು. ಟವೆಲು ಸುತ್ತಿಕೊಂಡು ಹೊರಗೆ ಬಂದು, ನಗುತ್ತಾ ಚಹಾ ಕೇಳಿದರಂತೆ. ಅಕ್ಕನ ಕೂಗು ಕೇಳಿ ನಾನು ಓಡಿದೆ. ಆ ತೊಡೆಯನ್ನು ನಾನು ಇವತ್ತಿಗೂ ಮರೆತಿಲ್ಲ.

ಅಂದಿನಿಂದ ಅಕ್ಕ ಒಲೆಯ ಮೇಲೆ ನೀರು ಕಾಯಿಸಿ, ಬೆರೆಸಿ, ಮೊಣಕೈ ಅದ್ದಿ, ತಾವೇ ಹೊಯ್ಯತೊಡಗಿದರು. ಯಜಮಾನರಿಗೆ ಅದು ಸಾಲದು. "ಇಷ್ಟು ತಣ್ಣಗೆ ಯಾಕೆ?" ಎಂಬ ಬೈಗುಳ ದಿನಾ ಗೋಡೆಯಾಚೆ ನನಗೂ ಕೇಳುತ್ತಿತ್ತು. ಹೇಗೆ ತಡೆದುಕೊಳ್ಳುತ್ತೀರೆಂದು ಕೇಳಿದರೆ ಅಕ್ಕ, "ಬೈದರೆ ಅಡ್ಡಿಲ್ಲ. ಚರ್ಮ ಉಳೀತದಲ್ಲ" ಎನ್ನುತ್ತಿದ್ದರು.

ಹೀಗಿರುವಾಗ ಅಕ್ಕನಿಗೇ ಹೊಟ್ಟೆಯ ಕ್ಯಾನ್ಸರ್ ಎಂದು ತಿಳಿಯಿತು. ತಮ್ಮ ಸ್ಕ್ಯಾನನ್ನು ತಾವೇ ಕಿಟಕಿಗೆ ಹಿಡಿದು ನೋಡಿ, ಮಡಚಿಟ್ಟು, ಮರುದಿನವೇ ಬಚ್ಚಲು ಒಡೆಸಲು ಶುರು ಮಾಡಿದರು. ಜಾರದ ನೆಲ, ಹಿಡಿದುಕೊಳ್ಳಲು ಗೋಡೆಗೆ ಕಂಬಿ. ಎಲ್ಲಕ್ಕಿಂತ ಮೊದಲು ಚಾವಣಿಯ ಟ್ಯಾಂಕು ಇಳಿಸಿ, ಬಿಸಿನೀರಿನ ಪೈಪುಗಳ ಬಾಯಿ ಮುಚ್ಚಬೇಕು.

ಕೌಲಾಲಂಪುರದಲ್ಲಿ ಕೆಲಸಕ್ಕಿದ್ದ ಮಗಳು ಫೋನಿನಲ್ಲಿ ಒಪ್ಪಲಿಲ್ಲ. "ಅಮ್ಮಾ, ವೈ ಕ್ಲೋಸ್? ಜಸ್ಟ್ ಪುಟ್ ಎ ವಾಲ್ವ್ ಲಾ. ಇಟ್ ವಿಲ್ ಕಂಟ್ರೋಲ್ ದ ಹೀಟ್."

"ವಾಲ್ವ್ ಕೆಟ್ಟ ದಿನ ನಾನಿರುದಿಲ್ಲ," ಎಂದರು ಅಕ್ಕ. "ನೀನು ಇಲ್ಲಿಗೇ ಬಂದು ಇದ್ದರೂ ಆಫೀಸಿಗೆ ಹೋಗ್ಲೇಬೇಕು. ಆಗ ಅಪ್ಪ ಒಬ್ಬರೇ."

ಮಗಳು ಫೋನಿಟ್ಟಳು.

ಪ್ಲಂಬರು ತಮಿಳಿನವನು. ಪೈಪು ಕತ್ತರಿಸಿ, ತುದಿಗೆ ಬಿಳಿ ಟೇಪು ಸುತ್ತಿ, ಹಿತ್ತಾಳೆಯ ಮುಚ್ಚಳ ತಿರುಗಿಸಿ ಬಿಗಿದ. ಅಕ್ಕ ಗೋಡೆ ಹಿಡಿದು ಎದ್ದು ಬಂದು ತಾವೇ ಅದನ್ನು ತಿರುಗಿಸಿ ನೋಡಿದರು. ಕೈಯಲ್ಲಿ ಶಕ್ತಿಯಿರಲಿಲ್ಲ. ನನ್ನನ್ನು ಕರೆದರು. "ನೀನು ನೋಡು. ನಿನ್ನ ಕೈಗೆ ಬಂದರೆ ಅವರ ಕೈಗೂ ಬರ್ತದೆ."

"ಈಗ ಟ್ಯಾಂಕನ ಇಲ್ಲಲ್ರೀ ಅಕ್ಕಾ. ಬಿಚ್ಚಿದ್ರೂ ಏನ್ ಬರ್ತದ?" ಎಂದೆ.

"ನಾಳೆ ಯಾರಾದ್ರೂ ಪಾಪ ಅಂತ ಹೊಸ ಟ್ಯಾಂಕು ಕೂರಿಸಿಕೊಟ್ಟರೆ? ಅವರು ಕೇಳಿದ್ರೆ ಇಲ್ಲ ಅನ್ನುದು ಕಷ್ಟ. ನೀನು ತಿರುಗಿಸು."

ಮೈಯ ಬಲವನ್ನೆಲ್ಲ ಹಾಕಿ ತಿರುಗಿಸಿದೆ. ಕದಲಲಿಲ್ಲ. ಅಕ್ಕ ತಲೆಯಾಡಿಸಿ ಹೋಗಿ ಮಲಗಿದರು. ನನಗೆ ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಿಲ್ಲ. ಮನೆಗೆ ಬಂದು ಅತ್ತುಬಿಟ್ಟೆ.

ಮುಚ್ಚಳದ ಮೇಲೆ ಟೈಲ್ಸ್ ಹಾಕಿಸುವ ಮೊದಲೇ ಅಕ್ಕ ಹೋದರು.

ಸುಡುಗಾಡಿನಿಂದ ಬಂದವರು ಸ್ನಾನ ಮಾಡದೆ ಒಳಗೆ ಬರುವಂತಿಲ್ಲ. ಸಾವಾದ ಮನೆಯಲ್ಲಿ ಅವತ್ತು ಒಲೆ ಹಚ್ಚುವಂತಿಲ್ಲ. ಉಡುಪಿಯಿಂದ ಮಗಳ ದೊಡ್ಡಮ್ಮ ಫೋನಿನಲ್ಲಿ ಇದನ್ನೇ ಹೇಳಿದ್ದರಂತೆ. ಮಗಳು ಒದ್ದೆ ಕಣ್ಣಲ್ಲಿ ನಮ್ಮ ಗೇಟಿಗೆ ಬಂದಳು. "ಆಂಟೀ, ನೋ ಫೈರ್ ಅಂತೆ. ಬಟ್ ಅಪ್ಪ ವಾಂಟ್ಸ್ ಹಾಟ್ ವಾಟರ್. ಹೌ?"

"ನಮ್ಮ ಮನ್ಯಾಗ ಒಲಿ ಐತಲ್ಲವ್ವಾ," ಎಂದೆ.

ಕಾಯಿಸಿದ ನೀರನ್ನು ಬಕೆಟ್ಟಿನಲ್ಲಿ ಹೊತ್ತು ಹಿಂಬಾಗಿಲಿಂದ ಹೋದೆ. ಬಚ್ಚಲಿನಲ್ಲಿ ಯಜಮಾನರು ಪಂಚೆಯುಟ್ಟು ಕುರ್ಚಿಯ ಮೇಲೆ ಕುಳಿತು, ಎಡಗೈಯಿಂದ ಹಿತ್ತಾಳೆಯ ಮುಚ್ಚಳವನ್ನು ತಿರುಗಿಸುತ್ತಿದ್ದರು. ಅದು ಕದಲಲಿಲ್ಲ. ಮಗಳು ತಣ್ಣೀರು ಬೆರೆಸಿ ಬೆರಳು ಅದ್ದಿದಳು.

"ಬೆರಳಲ್ಲ," ಎಂದೆ. "ಮೊಣಕೈ."

ಅವಳು ನನ್ನನ್ನು ನೋಡಿದಳು. ತೋಳು ಮಡಚಿ ಮೊಣಕೈ ಅದ್ದಿದಳು, ಇನ್ನೂ ಒಂದು ಚೊಂಬು ತಣ್ಣೀರು ಬೆರೆಸಿದಳು. ಮತ್ತೆ ಅದ್ದಿ ನೋಡಿ ಅಪ್ಪನ ಬೆನ್ನಿಗೆ ಹೊಯ್ದಳು.

"ಇಷ್ಟು ತಣ್ಣಗೆ ಯಾಕೆ?" ಎಂದು ಅವರು ಬೈದರು. "ನಿಂಗೆ ಗೊತ್ತಾಗುದಿಲ್ಲ. ಅಮ್ಮನ್ನ ಕರಿ."

ಮಗಳು ಮತ್ತೆ ಮೊಣಕೈ ಅದ್ದಿದಳು. ಇನ್ನೊಂದು ಚೊಂಬು ಹೊಯ್ದಳು.